ಸಹ್ಯಾದ್ರಿಯನ್ನು ಓದಿದ ಎರಡು ವರದಿಗಳು

ಸರಕಾರದ ವರದಿಗಳನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದು ವಾಡಿಕೆಯಲ್ಲ. ಆದರೆ ಯಾವ ಬರವಣಿಗೆಯು ಲಕ್ಷಾಂತರ ಜನರ ತೋಟ, ಗದ್ದೆ, ಕಾಡುಗಳ ಮುಂದಣ ಗತಿಯನ್ನು ಕುರಿತು ತೀರ್ಪು ಹೇಳಲು ಹೊರಡುವುದೋ, ಯಾವುದನ್ನು ಓದಿದವರಿಗಿಂತ ಓದದೆಯೇ ಹಳಿದವರು ಹೆಚ್ಚೋ, ಅದನ್ನು ಒಂದು ಗ್ರಂಥವೆಂದು ಭಾವಿಸಿ ನಿಧಾನವಾಗಿ ಓದುವುದು ಅನುಚಿತವಾಗಲಾರದು. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಮಂಡಲಿಯು 2011ರ ಆಗಸ್ಟಿನಲ್ಲಿ ಒಪ್ಪಿಸಿದ ವರದಿಯೂ, ಕಸ್ತೂರಿರಂಗನ್ನರ ಅಧ್ಯಕ್ಷತೆಯ ಸಮಿತಿಯು 2013ರ ಏಪ್ರಿಲಿನಲ್ಲಿ ಒಪ್ಪಿಸಿದ ವರದಿಯೂ ಅಂತಹವು. ಎರಡರ ವಸ್ತುವೂ ಒಂದೇ: ಪಶ್ಚಿಮ ಘಟ್ಟಗಳ ಮೇಲೆ ಮನುಷ್ಯನ ಕೈ ಎಷ್ಟು ಬಿದ್ದಿದೆ, ಅದನ್ನು ಅಳೆಯುವ ಬಗೆ ಯಾವುದು, ಕಾಯತಕ್ಕವರು ಯಾರು. ನೋಡುವ ಕಣ್ಣುಗಳು ಮಾತ್ರ ಬೇರೆ ಬೇರೆ.

ಗಾಡ್ಗೀಳರ ಮಂಡಲಿಯು ಘಟ್ಟಶ್ರೇಣಿಯನ್ನು ಸುಮಾರು 9 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಚೌಕಗಳಾಗಿ ವಿಂಗಡಿಸಿತು. ಬೇರೆಲ್ಲಿಯೂ ಬೆಳೆಯದ ಸಸ್ಯಗಳು, ಅಳಿವಿನ ಅಂಚಿಗೆ ಬಂದ ಮೃಗಗಳು, ಕಾಡಿನ ಪ್ರಮಾಣ, ಹೊಳೆದಂಡೆಯ ಮರಗಳು, ನೆಲದ ಎತ್ತರ, ಇಳಿಜಾರು ಮುಂತಾದುವನ್ನು ನೋಡಿ ಒಂದೊಂದು ಚೌಕಕ್ಕೂ ಅಂಕ ಕೊಟ್ಟಿತು. ಇಡೀ ಘಟ್ಟವೇ ಸೂಕ್ಷ್ಮಪ್ರದೇಶವೆಂದು ಹೇಳಿ, ಅದರೊಳಗೆ ಮೂರು ದರ್ಜೆಗಳನ್ನು ಮಾಡಿ, 142 ತಾಲ್ಲೂಕುಗಳನ್ನು ಅವುಗಳಲ್ಲಿ ಹಂಚಿತು. ಇಲ್ಲಿ ದೋಷವುಂಟು. ಒಂದೇ ಚೌಕದಲ್ಲಿ ಪೇಟೆಯೂ ಗದ್ದೆಯೂ ದೇವರಕಾಡೂ ಇರಬಹುದು. ಅಂಕವು ಮಾತ್ರ ಒಂದೇ. ಅಂಕಗಳನ್ನು ಆಯಾ ರಾಜ್ಯದೊಳಗೇ ಹೋಲಿಸಿದುದರಿಂದ ಒಂದು ರಾಜ್ಯದ ಮೇಲ್ದರ್ಜೆಯು ಇನ್ನೊಂದರ ಮೇಲ್ದರ್ಜೆಗೆ ಸಮವೆನ್ನುವಂತೆಯೂ ಇಲ್ಲ. ಕಡೆಗೆ ತಾಲ್ಲೂಕಿಗೆ ತಾಲ್ಲೂಕನ್ನೇ ಹೆಸರಿಸಿದುದು, ತನ್ನೂರು ಯಾವ ದರ್ಜೆಯಲ್ಲಿದೆಯೆಂದು ಹುಡುಕುವ ರೈತನಿಗೆ ಭಯವನ್ನಲ್ಲದೆ ತಿಳಿವನ್ನು ಕೊಡಲಿಲ್ಲ.

ಆದರೂ ಈ ವರದಿಗೆ ಜೀವವಿದೆ. ಅದು ಕೋಷ್ಟಕದಲ್ಲಿಲ್ಲ, ರತ್ನಾಗಿರಿ ಜಿಲ್ಲೆಯ ಲೋಟೆಯ ರಾಸಾಯನಿಕ ಕಾರ್ಖಾನೆಗಳನ್ನು ಕುರಿತ ಪುಟಗಳಲ್ಲಿದೆ. ಕೊಳೆನೀರನ್ನು ಶುದ್ಧಿಮಾಡಬೇಕಾದ ಸ್ಥಾವರವು ಸರಿಯಾಗಿ ನಡೆಯದುದು, ಹೊಲಸು ತೊರೆಗೆ ಹರಿದುದು, ಮೀನುಗಾರರ ಜೀವನ ಕೆಟ್ಟುದು, ಇವನ್ನೆಲ್ಲ ಆಡಂಬರವಿಲ್ಲದೆ ಹೇಳಿದೆ. ಅದೇ ಜಿಲ್ಲೆಯಲ್ಲಿ 2007ರಿಂದ 2009ರ ವರೆಗಿನ ಅವಧಿಯಲ್ಲಿ 191 ದಿನ ಜನರು ಗುಂಪುಗೂಡಬಾರದೆಂಬ ಆಜ್ಞೆ ಜಾರಿಯಲ್ಲಿತ್ತೆಂಬುದನ್ನೂ ಬರೆದಿಟ್ಟಿದೆ. ಮಾಲಿನ್ಯವನ್ನು ಅಳೆಯುವ ಕಾನೂನಿಗೆ ಕೊರತೆಯಿರಲಿಲ್ಲ. ಅಳೆದುದನ್ನು ಕೂಗಿ ಹೇಳುವವನ ಬಾಯಿಗೆ ಮಾತ್ರ ಬೀಗವಿತ್ತು. ವಿಜ್ಞಾನದ ವರದಿಯೊಂದು ಇಂತಹ ಸಂಗತಿಯನ್ನೂ ಪರಿಸರದ ಲೆಕ್ಕದೊಳಗೆ ಸೇರಿಸಿದುದು ಅಪೂರ್ವ.

ಈ ದೃಷ್ಟಿಯ ಮೂಲವು ಉತ್ತರ ಕನ್ನಡದ ಬಿದಿರುಮೆಳೆಗಳಲ್ಲಿದೆಯೆಂದರೆ ತಪ್ಪಾಗದು. 1970ರ ದಶಕದಲ್ಲಿ ಗಾಡ್ಗೀಳರು ಅಲ್ಲಿ ಬಿದಿರಿನ ನಾಶವನ್ನು ಪರೀಕ್ಷಿಸುತ್ತಿದ್ದರು. ಮೆಳೆಯ ಬುಡದ ಮುಳ್ಳುಗಳನ್ನು ಸವರಿದರೆ ಕಳಲೆ ಚೆನ್ನಾಗಿ ಬರುವುದೆಂದು ಬಲ್ಲವರು ನಂಬಿದ್ದರು. ಮುಳ್ಳು ತೆಗೆದರೆ ದನವೂ ಕಾಡುಪ್ರಾಣಿಯೂ ಎಳೆಯ ಕಳಲೆಯನ್ನು ಮೇಯುವುವೆಂದು ಹಳ್ಳಿಗರು ಹೇಳಿದರು. ಅಳೆದು ನೋಡಲಾಗಿ ಹಳ್ಳಿಗರ ಮಾತೇ ನಿಜವಾಯಿತು. ಯಾವ ದರ್ಜೆಯಲ್ಲಿ ಏನು ನಡೆಯಬೇಕೆಂಬುದನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಬೇಕೆಂದು ವರದಿಯು ಹೇಳಿದುದು ಈ ಅನುಭವದ ಫಲ.

ಕಸ್ತೂರಿರಂಗನ್ನರ ಸಮಿತಿಯ ಕಣ್ಣು ಆಕಾಶದಲ್ಲಿದೆ. ಉಪಗ್ರಹದ ಚಿತ್ರಗಳಿಂದ, 24 ಮೀಟರಿನ ಸೂಕ್ಷ್ಮತೆಯಲ್ಲಿ, ಅದು 1,64,280 ಚದರ ಕಿಲೋಮೀಟರ್ ನೆಲವನ್ನು ಓದಿತು. ಮನುಷ್ಯನು ತಿದ್ದಿದ ಭೂಮಿಯನ್ನೂ ಸಹಜವಾದ ಭೂಮಿಯನ್ನೂ ಬೇರ್ಪಡಿಸಿ, ಒಟ್ಟಿನಲ್ಲಿ ಶೇಕಡ 37ರಷ್ಟನ್ನು ಮಾತ್ರ ಸೂಕ್ಷ್ಮವೆಂದಿತು. ತಾಲ್ಲೂಕನ್ನು ಬಿಟ್ಟು ಗ್ರಾಮವನ್ನು ಘಟಕವಾಗಿ ಹಿಡಿದುದು ಮೊದಲ ವರದಿಯ ಮೇಲೆ ನಿಜವಾದ ಸುಧಾರಣೆ. ಇದನ್ನು ಒಪ್ಪದಿರುವುದು ಪಕ್ಷಪಾತವಾದೀತು. ಆದರೆ ಮೇಲಿನಿಂದ ಕಾಣುವುದು ಎಲೆಯ ಹೊದಿಕೆ. ಮರದ ನೆರಳಿನ ಕಾಫಿತೋಟಕ್ಕೂ ಕಾಡಿಗೂ ಭೇದವೆಣಿಸುವುದು ಆ ಕಣ್ಣಿಗೆ ಸುಲಭವಲ್ಲ. ಮರದಡಿಯ ತೊರೆಯಲ್ಲಿ ಕಪ್ಪೆಯುಂಟೋ ಇಲ್ಲವೋ ಎಂಬುದಂತೂ ಅದಕ್ಕೆ ತೋರದು. ಶಿವರಾಮ ಕಾರಂತರ 'ಬೆಟ್ಟದ ಜೀವ'ದ ಗೋಪಾಲಯ್ಯನನ್ನು ಬಲ್ಲವರಿಗೆ ಈ ವಿಂಗಡಣೆಯ ತೊಡಕು ಬೇಗ ಹೊಳೆಯುವುದು. ಕಾಡು ಕಡಿದು ತೋಟ ಮಾಡಿದ ಆ ಮುದುಕನ ನೆಲವು ಸಹಜವೋ ಕೃತಕವೋ? ಕಾದಂಬರಿಯು ಎರಡನ್ನೂ ಹೌದೆನ್ನಬಲ್ಲುದು; ನಕ್ಷೆಗೆ ಒಂದೇ ಬಣ್ಣ ಬೇಕು.

ಗೆರೆ ಎಳೆಯುವ ಅಧಿಕಾರದ ವಿಷಯದಲ್ಲಿ ಎರಡನೆಯ ವರದಿಯು ತೀರ ಕೃಪಣ. ಸ್ಥಳೀಯರಿಗೆ ಆರ್ಥಿಕ ನಿರ್ಣಯಗಳಲ್ಲಿ ಸ್ಥಾನವಿಲ್ಲವೆಂಬ ಅದರ ಧೋರಣೆಯನ್ನು ಗಾಡ್ಗೀಳರು 2013ರಲ್ಲಿಯೇ ಬಹಿರಂಗ ಪತ್ರದಲ್ಲಿ ಖಂಡಿಸಿದರು. ಕಾಡಿನ ಸುದ್ದಿಯನ್ನು ಕಾಡಿನವನಿಂದ ಕೇಳದೆ ಕಾಯುವ ಕ್ರಮವು ಕಾವಲಾಗುವುದಿಲ್ಲ, ಗಸ್ತಾಗುತ್ತದೆ. ಚಿತ್ರ ಎಷ್ಟು ನಿಚ್ಚಳವಾದರೂ ಈ ಕೊರತೆಯನ್ನು ತುಂಬದು.

ಎರಡೂ ವರದಿಗಳು ಆಂಗ್ಲಭಾಷೆಯಲ್ಲಿ ರಚಿತವಾದುವು. ಮೊದಲನೆಯದಂತೂ ಮಾಹಿತಿಹಕ್ಕಿನ ಅರ್ಜಿ, ನ್ಯಾಯಾಲಯದ ಮಾತು ಇವುಗಳ ನಂತರವೇ 2012ರ ಮೇ ತಿಂಗಳಲ್ಲಿ ಹೊರಬಂದಿತು. ಓದಲು ಸಿಗದ ಗ್ರಂಥಕ್ಕೆ ವದಂತಿಯೇ ವ್ಯಾಖ್ಯಾನ. ಒಕ್ಕಲೆಬ್ಬಿಸುವ ಶಿಫಾರಸು ಎರಡರಲ್ಲಿಯೂ ಇಲ್ಲದಿದ್ದರೂ, ಮಲೆನಾಡಿನಲ್ಲಿ ಎಲ್ಲಕ್ಕಿಂತ ಬೇಗ ಹರಡಿದ ಸುದ್ದಿ ಅದೇ. ಗ್ರಾಮಸಭೆಗೆ ಒಪ್ಪಿಸಬೇಕೆಂದು ಬರೆದ ವರದಿಯು ಗ್ರಾಮಸಭೆಯ ಭಾಷೆಯಲ್ಲಿ ಹುಟ್ಟದುದು ಅದರ ಅತಿ ದೊಡ್ಡ ಲೋಪ. ಅಂಕಗಳ ದೋಷವು ಇದರ ಮುಂದೆ ಅಲ್ಪ.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಮರುದಿನ ಕೇಂದ್ರಸರಕಾರವು ಸೂಕ್ಷ್ಮಪ್ರದೇಶದ ಕರಡನ್ನು ಆರನೆಯ ಸಲ ಪ್ರಕಟಿಸಿ ಆಕ್ಷೇಪಣೆಗೆ 60 ದಿನ ಕೊಟ್ಟಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.