ಎಣಿಸಲು ಕಲಿಸಿದ ಗುರು, ತಿದ್ದಿಸಿಕೊಂಡ ಗುರು

ಭ್ರೂಣದಲ್ಲಿ ನರಮಂಡಲ ಹೇಗೆ ರೂಪುಗೊಳ್ಳುತ್ತದೆ ಎಂಬ ಸಂಶೋಧನೆಗೆ ಕಾಲಿಡುವ ತರುಣರು ಓದಬೇಕಾದ ಆತ್ಮಕಥೆಯೊಂದಿದೆ. ಅದು ಇಟಲಿಯ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಅವರ 'ಇನ್ ಪ್ರೇಸ್ ಆಫ್ ಇಂಪರ್ಫೆಕ್ಷನ್'. ಇಟಾಲಿಯನ್ ಮೂಲ 1987ರಲ್ಲಿ, ಇಂಗ್ಲಿಷ್ ಅನುವಾದ 1988ರಲ್ಲಿ ಪ್ರಕಟವಾದವು. ಬೆಳವಣಿಗೆ ಅಂಶಗಳ ಶೋಧಕ್ಕಾಗಿ ಇವರು ಸ್ಟ್ಯಾನ್ಲಿ ಕೋಹೆನ್ ಅವರೊಡನೆ 1986ರ ನೊಬೆಲ್ ಬಹುಮಾನ ಹಂಚಿಕೊಂಡವರು.

ಇವರ ಬಗೆಗೆ ನೀವು ಒಂದು ಕಥೆ ಕೇಳಿರಬಹುದು. ಮುಸೊಲಿನಿ ಸರ್ಕಾರದ 1938ರ ಜನಾಂಗೀಯ ಕಾನೂನುಗಳಿಂದಾಗಿ ಯಹೂದಿಗಳು ವಿಶ್ವವಿದ್ಯಾಲಯಗಳಿಂದ ಹೊರಬೀಳಬೇಕಾಯಿತು. ಆಗ ಈಕೆ ಟ್ಯೂರಿನ್‌ನ ತಮ್ಮ ಮನೆಯ ಮಲಗುವ ಕೋಣೆಯನ್ನೇ ಪ್ರಯೋಗಾಲಯವಾಗಿಸಿ, ಹೊಲಿಗೆ ಸೂಜಿಗಳನ್ನು ಮಸೆದು ಕೋಳಿಮೊಟ್ಟೆಯ ಭ್ರೂಣಗಳ ಮೇಲೆ ಶಸ್ತ್ರಕ್ರಿಯೆ ನಡೆಸಿದರು. ಕಥೆ ನಿಜ. ಆದರೆ ಅಷ್ಟನ್ನೇ ಹೇಳಿದರೆ, ಛಲವೊಂದಿದ್ದರೆ ಸಾಕು, ತರಬೇತಿ ಬೇಡ ಎಂದು ವಿದ್ಯಾರ್ಥಿ ತಿಳಿದಾನು. ಲೇಖಕಿಯೂ ಪುಸ್ತಕದ ಆರಂಭದಲ್ಲಿ ಹೆಚ್ಚುಕಡಿಮೆ ಇದನ್ನೇ ಸೂಚಿಸುತ್ತಾರೆ. ಸಂಶೋಧನೆಯ ಯಶಸ್ಸಿಗೆ ಬುದ್ಧಿಮತ್ತೆಗಿಂತ, ಕರಾರುವಾಕ್ಕಾದ ಕೆಲಸಕ್ಕಿಂತ, ಸಮರ್ಪಣೆಯೂ ಕಷ್ಟಗಳನ್ನು ಲೆಕ್ಕಿಸದ ಗುಣವೂ ಮುಖ್ಯ ಎಂಬುದು ಅವರ ನಿಲುವು. ಈ ಮಾತನ್ನು ನಾನು ಒಪ್ಪಲಾರೆ. ಅದಕ್ಕೆ ಆಧಾರ ಅವರದೇ ಪುಸ್ತಕದಲ್ಲಿದೆ.

ಅವರ ಗುರು ಜುಸೆಪ್ಪೆ ಲೆವಿ ಅಂಗಾಂಶ ವಿಜ್ಞಾನಿ. ಸಿಡುಕಿನ ಸ್ವಭಾವದವರು, ಕೆಲಸದಲ್ಲಿ ಬಹಳ ಬಿಗಿ. ಮುಂದೆ ನೊಬೆಲ್ ಪಡೆದ ಲೂರಿಯಾ ಮತ್ತು ಡುಲ್ಬೆಕೊ ಕೂಡ ಅವರ ಶಿಷ್ಯರೇ. ಲೆವಿ ಈ ವಿದ್ಯಾರ್ಥಿನಿಗೆ ಕೊಟ್ಟ ಮೊದಲ ಕೆಲಸ, ಒಂದೇ ಸೂಲಿನ ಇಲಿಮರಿಗಳ ನರಗಂಟುಗಳಲ್ಲಿ ಎಷ್ಟು ನರಕೋಶಗಳಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಆಕೆಗೆ ಅದು ಬಲು ಬೇಸರದ ಕೆಲಸವಾಗಿತ್ತು.

ಆ ಅಭ್ಯಾಸ ಎಲ್ಲಿ ಫಲ ಕೊಟ್ಟಿತು ನೋಡಿ. ಅಮೆರಿಕದಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ 1934ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ಕೋಳಿ ಭ್ರೂಣದ ರೆಕ್ಕೆಯ ಮೊಳಕೆಯನ್ನು ಕತ್ತರಿಸಿದರೆ, ಆ ರೆಕ್ಕೆಗೆ ನರಗಳನ್ನು ಕಳಿಸಬೇಕಾದ ಕೇಂದ್ರಗಳು ಚಿಕ್ಕದಾಗಿಯೇ ಉಳಿಯುತ್ತವೆ. ರೆಕ್ಕೆಯಿಂದ ಬರಬೇಕಾದ ಪ್ರೇರಣೆ ಇಲ್ಲದೆ ನರಕೋಶಗಳು ರೂಪುಗೊಳ್ಳುವುದಿಲ್ಲ ಎಂಬುದು ಅವರ ವಿವರಣೆ. ಲೆವಿ-ಮೊಂಟಾಲ್ಚಿನಿ ತಮ್ಮ ಗುರುವಿನೊಡನೆ ಇಂಥದೇ ಪ್ರಯೋಗ ಮಾಡಿ, ಬೆಳವಣಿಗೆಯ ಬೇರೆ ಬೇರೆ ಹಂತಗಳಲ್ಲಿ ಕೋಶಗಳನ್ನು ಎಣಿಸಿದರು. ನರಕೋಶಗಳು ರೂಪುಗೊಳ್ಳುತ್ತವೆ, ಆಮೇಲೆ ಸಾಯುತ್ತವೆ ಎಂದು ತಿಳಿಯಿತು. ಜನಾಂಗೀಯ ಕಾನೂನಿನಿಂದಾಗಿ ಇಟಲಿಯಲ್ಲಿ ಅಚ್ಚಾಗಲಾರದ ಈ ಫಲಿತಾಂಶ 1942ರಲ್ಲಿ ಬೆಲ್ಜಿಯಮ್‌ನ ಪತ್ರಿಕೆಯೊಂದರಲ್ಲಿ ಬಂತು.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ತೊಟ್ಟಿಯ ಲೆಕ್ಕದಂತೆ. ತೊಟ್ಟಿಯಲ್ಲಿ ನೀರು ಕಡಿಮೆಯಿದ್ದರೆ ಒಳಹರಿವು ಕಡಿಮೆಯೋ ಸೋರಿಕೆ ಹೆಚ್ಚೋ ಎಂಬುದು ಕೊನೆಯ ಒಂದೇ ಅಳತೆಯಿಂದ ತಿಳಿಯದು, ಕಾಲಕಾಲಕ್ಕೆ ಅಳೆಯಬೇಕು. ಹಾಗೆ ಅಳೆಯುವ ಕೈ ಒಂದು ದಿನದಲ್ಲಿ ಪಳಗುವುದಿಲ್ಲ.

ಮುಂದಿನ ಘಟ್ಟವೂ ಇದನ್ನೇ ಹೇಳುತ್ತದೆ. 1952ರಲ್ಲಿ ರಿಯೊ ಡಿ ಜನೈರೊದಲ್ಲಿ ಇಲಿಯ ಗೆಡ್ಡೆಯ ಅಂಗಾಂಶದ ಪಕ್ಕದಲ್ಲಿ ಕೋಳಿ ಭ್ರೂಣದ ನರಗಂಟನ್ನು ಗಾಜಿನ ಮೇಲೆ ಬೆಳೆಸಿದಾಗ, ಸುತ್ತಲೂ ಪ್ರಭಾವಳಿಯಂತೆ ನರತಂತುಗಳು ಚಿಮ್ಮಿದವು. ನರವರ್ಧಕ ಅಂಶವನ್ನು ಬೇರ್ಪಡಿಸಲು ಕೋಹೆನ್ ಅವರಿಗೆ ನೆರವಾದದ್ದು ಈ ಪರೀಕ್ಷೆಯೇ. ಅಂಗಾಂಶ ಕೃಷಿಯನ್ನು ಆಕೆ ಕಲಿತದ್ದು ಲೆವಿಯವರ ಪ್ರಯೋಗಾಲಯದಲ್ಲಿ. ರಿಯೊದಲ್ಲಿ ನೆರವಿತ್ತ ಹೆರ್ಥಾ ಮೇಯರ್ ಕೂಡ ಅಲ್ಲೇ ಕೆಲಸ ಮಾಡಿದ್ದವರು.

ಪುಸ್ತಕದ ಇನ್ನೊಂದು ಪಾಠ ಮಾರ್ಗದರ್ಶಕರಿಗೆ. ತನ್ನ ವಿವರಣೆಯನ್ನು ಅಲ್ಲಗಳೆದ ಲೇಖನ ಓದಿದ ಹ್ಯಾಂಬರ್ಗರ್ ಮುನಿಸಿಕೊಳ್ಳಲಿಲ್ಲ; 1946ರಲ್ಲಿ ಅದರ ಲೇಖಕಿಯನ್ನೇ ಸೇಂಟ್ ಲೂಯಿಸ್‌ಗೆ ಆಹ್ವಾನಿಸಿದರು. ಕೆಲವು ತಿಂಗಳಿಗೆಂದು 1947ರಲ್ಲಿ ಹೋದ ಆಕೆಯ ನಂಟು ಅಲ್ಲಿ ಮೂರು ದಶಕ ಬೆಳೆಯಿತು. ಇಬ್ಬರೂ ಸೇರಿ ಮತ್ತೆ ಪರೀಕ್ಷಿಸಿ, ಕೋಶಗಳ ಸಾವನ್ನು ಖಚಿತಪಡಿಸಿದ ಲೇಖನವನ್ನು 1949ರಲ್ಲಿ ಪ್ರಕಟಿಸಿದರು. 1986ರ ಬಹುಮಾನದಲ್ಲಿ ಹ್ಯಾಂಬರ್ಗರ್ ಹೆಸರಿರಲಿಲ್ಲ. ಅದು ಸರಿಯೇ ಎಂಬ ಚರ್ಚೆ ಆಮೇಲೂ ನಡೆಯಿತು. ನನ್ನ ಮಟ್ಟಿಗೆ, ತರಬೇತಿಯ ದೃಷ್ಟಿಯಿಂದ ಈ ಪುಸ್ತಕದ ಅತಿ ಮುಖ್ಯ ವ್ಯಕ್ತಿ ಅವರೇ.

ಈಗ ಕೋಶಗಳನ್ನು ಗಣಕವೂ ಎಣಿಸುತ್ತದೆ. ಆದರೆ ಅದು ಸರಿಯಾಗಿ ಎಣಿಸಿತೇ ಎಂದು ಹೇಳಬಲ್ಲವರು ಸ್ವತಃ ಎಣಿಸಿ ಬಲ್ಲವರು ಮಾತ್ರ. ಕಳೆದ ವರ್ಷದ ದಾಖಲೆ ಪುಸ್ತಕ ನೋಡಿ ಅಳತೆ ಬರೆದುಕೊಳ್ಳುವ ಪದವಿ ವಿದ್ಯಾರ್ಥಿಗೆ ಈ ಬಲ ಬರುವುದೆಲ್ಲಿಂದ?

ಅಧ್ಯಾಪಕರೇ, ಈ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗಿಡಿ. ಆದರೆ ಮಲಗುವ ಕೋಣೆಯ ಅಧ್ಯಾಯಕ್ಕೆ ಮೊದಲು ಲೆವಿಯವರ ಪ್ರಯೋಗಾಲಯದ ಅಧ್ಯಾಯಗಳನ್ನು ಓದಿಸಿ. ಆಮೇಲೆ ನಿಮ್ಮದೇ ಹಳೆಯ ಫಲಿತಾಂಶವೊಂದನ್ನು ಕೊಟ್ಟು, ಇದು ಸರಿಯೇ ಎಂದು ಮೊದಲಿನಿಂದ ಅಳೆದು ನೋಡಲು ಹೇಳಿ. ವಿದ್ಯಾರ್ಥಿಗೆ ಬೇರೆ ಉತ್ತರ ಬಂದರೆ, ಇಬ್ಬರೂ ಜೊತೆಯಾಗಿ ಮತ್ತೊಮ್ಮೆ ಅಳೆಯಿರಿ.