ಯಾರ ಅಧಿಕಾರದಿಂದ ಕರೆಯುವುದು?

ಪಾಶ್ಚಾತ್ಯ ಮಾಂತ್ರಿಕ ವಿಧಿಗಳ ಹಳೆಯ ಕೈಪಿಡಿಗಳಲ್ಲಿ ಪ್ರಾರ್ಥನೆ ತುಂಬಿ ತುಳುಕುತ್ತದೆ. ಸೊಲೊಮನ್ ರಾಜನ ಹೆಸರಿನಲ್ಲಿ ಯುರೋಪಿನಲ್ಲೆಲ್ಲ ಹರಡಿದ ‘ಸೊಲೊಮನ್ನನ ಕೀಲಿಕೈ’ಯ ಪ್ರಕಾರ ಸಾಧಕ ಉಪವಾಸವಿರಬೇಕು, ಮೀಯಬೇಕು, ಪಾಪ ನಿವೇದಿಸಿಕೊಳ್ಳಬೇಕು, ದಾವೀದನ ಕೀರ್ತನೆಗಳನ್ನು ಪಠಿಸಬೇಕು. ಮಂಡಲ, ಖಡ್ಗ, ಧೂಪಗಳು ಅದರ ಜೊತೆಗೆ ಬರುತ್ತವೆ. ಅಶರೀರ ಶಕ್ತಿಗಳಿಗೆ ಅವನು ಆಜ್ಞೆ ಕೊಡುವುದೂ ದೇವರ ಹೆಸರಿನಲ್ಲೇ. ಅವನದೆಂಬ ಬಲವೇನೂ ಅಲ್ಲಿಲ್ಲ. ಈ ವಿಧಿಗಳನ್ನು ತಮ್ಮ ತಮ್ಮ ನಂಬಿಕೆಗೆ ಹೊಂದಿಸಿಕೊಂಡವರನ್ನೆಲ್ಲ ನಾನು ಅಳೆಯುವುದು ಇದೇ ಪ್ರಶ್ನೆಯಿಂದ: ನೀವು ಯಾರ ಅಧಿಕಾರದಿಂದ ಕರೆಯುತ್ತಿದ್ದೀರಿ?

ಜಾನ್ ಡೀಯ ಬಳಿ ಇದಕ್ಕೆ ಉತ್ತರವಿತ್ತು. 1527ರಲ್ಲಿ ಹುಟ್ಟಿದ ಈತ ಎಲಿಜಬೆತ್ ರಾಣಿಯ ಕಾಲದ ದೊಡ್ಡ ಗಣಿತಜ್ಞ. ಯೂಕ್ಲಿಡ್‌ನ ಜ್ಯಾಮಿತಿ 1570ರಲ್ಲಿ ಇಂಗ್ಲಿಷಿಗೆ ಬಂದಾಗ ಅದಕ್ಕೆ ಮುನ್ನುಡಿ ಬರೆದವನು. ಗ್ರಂಥಗಳಲ್ಲಿ ಸಿಗದ ಜ್ಞಾನವನ್ನು ದೇವದೂತರಿಂದಲೇ ಕೇಳಿ ತಿಳಿಯಬೇಕೆಂಬುದು ಅವನ ಹಂಬಲ. 1582ರಿಂದ ಎಡ್ವರ್ಡ್ ಕೆಲ್ಲಿ ಎಂಬಾತ ಅವನ ಕಣ್ಣಾದ. ನಮ್ಮಲ್ಲಿ ಅಂಜನ ಹಾಕಿ ನೋಡಿಸುವಂತೆ, ಕೆಲ್ಲಿ ಸ್ಫಟಿಕದೊಳಗೆ ಕಂಡದ್ದನ್ನು ಹೇಳುತ್ತಿದ್ದ, ಡೀ ಬರೆದುಕೊಳ್ಳುತ್ತಿದ್ದ. ಡೀ ಯಾರಿಗೂ ಆಜ್ಞೆ ಮಾಡಲಿಲ್ಲ. ಮೊಣಕಾಲೂರಿ ಕ್ರೈಸ್ತನಾಗಿ ಬೇಡಿದ. ಭಕ್ತಿಯ ದೃಷ್ಟಿಯಿಂದ ಇದಕ್ಕಿಂತ ಶುದ್ಧವಾದ ಪ್ರಯೋಗ ಈ ಪರಂಪರೆಯಲ್ಲಿ ನನಗೆ ಕಂಡಿಲ್ಲ.

ಆದರೂ 1587ರಲ್ಲಿ ಬೊಹೀಮಿಯಾದ ತ್ರೆಬೋನ್ ಊರಿನಲ್ಲಿ ಆ ದೂತರಿಂದ ಬಂದ ಆಜ್ಞೆ ಎಂದರೆ, ಇಬ್ಬರೂ ಗಂಡಸರು ತಮ್ಮ ಹೆಂಡತಿಯರನ್ನು ಪರಸ್ಪರ ಹಂಚಿಕೊಳ್ಳಬೇಕು ಎಂಬುದು. ಡೀ ನಡುಗಿಹೋದ. ಹೆಂಡತಿ ಜೇನ್ ಅತ್ತಳೆಂದು ಅವನೇ ಬರೆದಿಟ್ಟಿದ್ದಾನೆ. ಕೊನೆಗೆ ಒಪ್ಪಿಕೊಂಡ, ಒಪ್ಪಂದಕ್ಕೆ ಸಹಿಯೂ ಬಿತ್ತು. ವ್ಯಭಿಚಾರ ಕೂಡದೆಂಬ ದೈವಾಜ್ಞೆಯನ್ನು ಬಾಲ್ಯದಿಂದ ಬಲ್ಲ ಮನುಷ್ಯ, ಸ್ಫಟಿಕದ ದನಿಗಾಗಿ ಅದನ್ನು ಬದಿಗಿಟ್ಟ. ಅವನಲ್ಲಿ ನಂಬಿಕೆಗೆ ಕೊರತೆಯಿರಲಿಲ್ಲ. ಬಂದ ಮಾತನ್ನು ಆ ನಂಬಿಕೆಯಿಂದ ಒರೆಗೆ ಹಚ್ಚುವ ಧೈರ್ಯ ಅವನಿಗೆ ಬರಲಿಲ್ಲ. ಆ ಹೆಂಗಸಿನ ಕಣ್ಣೀರನ್ನು ಮರೆತು ದೂತರು ಡೀಗೆ ಕಲಿಸಿದರೆನ್ನಲಾದ ಭಾಷೆಯ ಸೊಬಗನ್ನು ಮಾತ್ರ ಹೊಗಳುವ ಬರಹಗಳನ್ನು ನಾನು ಒಪ್ಪಲಾರೆ.

ಮುನ್ನೂರು ವರ್ಷಗಳ ನಂತರ, 1888ರಲ್ಲಿ, ಲಂಡನ್ನಿನಲ್ಲಿ ‘ಗೋಲ್ಡನ್ ಡಾನ್’ ಎಂಬ ಗುಪ್ತಸಂಘ ಹುಟ್ಟಿತು. ಅದನ್ನು ಕಟ್ಟಿದ ವೆಸ್ಟ್‌ಕಾಟ್, ಮ್ಯಾಥರ್ಸ್, ವುಡ್‌ಮನ್ ಮೂವರೂ ಫ್ರೀಮೇಸನ್‌ಗಳು. ಕವಿ ಯೇಟ್ಸ್ 1890ರಲ್ಲಿ ಸೇರಿದ. ಯೆಹೂದಿಗಳ ಅನುಭಾವ ಪರಂಪರೆಯಾದ ಕಬ್ಬಾಲಾ, ಈಜಿಪ್ಟಿನ ದೇವತೆಗಳು, ಡೀಯ ದೂತರು ಎಲ್ಲವೂ ಅಲ್ಲಿ ಒಂದೇ ಕೋಷ್ಟಕದೊಳಗೆ ಬಂದು ಕೂತವು. ಅವರ ಪಂಚಕೋನ ವಿಧಿಯನ್ನು ನಮ್ಮವರು ದಿಗ್ಬಂಧನವೆಂದು ತಕ್ಷಣ ಗುರುತಿಸಬಲ್ಲರು: ಪೂರ್ವಕ್ಕೆ ದೇವದೂತ ರಾಫಾಯೇಲ್, ಪಶ್ಚಿಮಕ್ಕೆ ಗೇಬ್ರಿಯಲ್, ದಕ್ಷಿಣಕ್ಕೆ ಮಿಕಾಯೇಲ್, ಉತ್ತರಕ್ಕೆ ಯೂರಿಯಲ್. ಥಿಯಾಸಫಿ ವಲಯದ ರಾಮ ಪ್ರಸಾದರ ಬರಹದ ಮೂಲಕ ನಮ್ಮ ಪಂಚತತ್ವಗಳೂ ಅಲ್ಲಿಗೆ ಹೋದವು. ಪೃಥ್ವಿಯ ಹಳದಿ ಚೌಕ, ತೇಜಸ್ಸಿನ ಕೆಂಪು ತ್ರಿಕೋನಗಳನ್ನು ಕಾರ್ಡಿನ ಮೇಲೆ ಬರೆದು, ದಿಟ್ಟಿಸಿ ನೋಡಿ, ದರ್ಶನಕ್ಕೆ ಬಾಗಿಲು ಮಾಡಿಕೊಂಡರು. ಜೋಡಣೆಯಲ್ಲಿ ಅಸಾಧಾರಣ ಪಾಂಡಿತ್ಯವಿದೆ. ಆದರೆ ಯೆಹೂದಿ ಭಕ್ತ ಬಾಯಿಬಿಟ್ಟು ಉಚ್ಚರಿಸಲೂ ಅಂಜುವ ದೇವನಾಮ ಇಲ್ಲಿ ನಿತ್ಯಾಭ್ಯಾಸದ ಸಲಕರಣೆಯಾಯಿತು. ಎಲ್ಲರ ದೇವರನ್ನೂ ಕರೆದವರು ಯಾರಿಗೆ ಬದ್ಧರು?

ಇದೇ ಸಂಘದಲ್ಲಿದ್ದ ಅಲೀಸ್ಟರ್ ಕ್ರೌಲಿ 1904ರಲ್ಲಿ ಆತ್ಮಗಳನ್ನು ಕರೆಯುವ ಕೈಪಿಡಿ ‘ಗೋಯೆಟಿಯಾ’ವನ್ನು ಪ್ರಕಟಿಸಿದಾಗ ಅದರ ಆತ್ಮಗಳೆಲ್ಲ ಮನುಷ್ಯನ ಮಿದುಳಿನ ಭಾಗಗಳೇ ಎಂದು ವಾದಿಸಿದ. ಸಂಘದ ಗುಪ್ತ ವಿಧಿಗಳನ್ನು 1937ರಿಂದ ಅಚ್ಚು ಹಾಕಿಸಿದ ಇಸ್ರೇಲ್ ರೆಗಾರ್ಡಿ ಅವನ್ನು ಮನಶ್ಶಾಸ್ತ್ರದ ಹತ್ತಿರ ತಂದ. ನಾಸ್ತಿಕನಿಗೆ ಇದು ಒಂದು ದಾರಿಯಾದೀತು. ಭಕ್ತನಿಗೆ ಇದು ಆಗದ ಮಾತು, ಏಕೆಂದರೆ ತನ್ನ ಮಿದುಳಿಗೆ ತಾನೇ ಮಾಡಿಕೊಳ್ಳುವ ಪ್ರಾರ್ಥನೆಯಲ್ಲಿ ದೇವರಿಗೆ ಜಾಗವೇ ಇಲ್ಲ.

ನನ್ನ ಗೌರವ ಹೆಚ್ಚು ಸಲ್ಲುವುದು ಗೋಲ್ಡನ್ ಡಾನ್‌ನಲ್ಲೇ ಇದ್ದ ಲೇಖಕ ಎ.ಇ. ವೇಟ್‌ಗೆ. ಅವನ ಗದ್ಯ ಎಳೆದಾಡುತ್ತದೆ, ಓದಿಸಿಕೊಳ್ಳುವುದಿಲ್ಲ, ನಿಜ. ಆದರೆ 1915ರಲ್ಲಿ ಸ್ವಂತ ಸಂಘ ಕಟ್ಟಿದಾಗ, ತನ್ನ ಕ್ರೈಸ್ತ ಅನುಭಾವಕ್ಕೆ ಒಗ್ಗದ ಮಂತ್ರಪ್ರಯೋಗವನ್ನೆಲ್ಲ ಅವನು ಕಿತ್ತುಹಾಕಿದ. ದೇವರೊಡನೆ ಐಕ್ಯವನ್ನು ಮಾತ್ರ ಗುರಿಯಾಗಿ ಉಳಿಸಿಕೊಂಡ. ಕಾದಂಬರಿಕಾರ ಚಾರ್ಲ್ಸ್ ವಿಲಿಯಮ್ಸ್ 1917ರಲ್ಲಿ ಬಂದು ಸೇರಿದ್ದು ಈ ಸಂಘವನ್ನೇ. ಶಕ್ತಿಯನ್ನು ಬಿಟ್ಟುಕೊಟ್ಟು ಹೊಂದಿಸಿಕೊಂಡವರು ಈ ಪರಂಪರೆಯಲ್ಲಿ ಬಹಳ ಕಡಿಮೆ.

ಈ ದಾರಿಗೆ ಮನಸೋತವರಲ್ಲಿ ನನ್ನದೊಂದು ಕೋರಿಕೆ. ಯಾವ ಮಂಡಲ ಬರೆಯಬೇಕು, ಯಾವ ನಾಮದ ಬದಲು ಯಾವುದನ್ನು ಹೇಳಬೇಕು ಎಂಬುದನ್ನು ಆಮೇಲೆ ನೋಡಿಕೊಳ್ಳಿ. ಎಂಥ ಆಜ್ಞೆ ಬಂದರೂ ನಿಮ್ಮ ಧರ್ಮ ನಿಮ್ಮಿಂದ ಮಾಡಿಸಗೊಡದ ಕೆಲಸಗಳು ಯಾವುವು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅದನ್ನು ಮನೆಯವರಿಗೂ ಓದಿ ಹೇಳಿ.