ಸೋಲಿಗರ ಬೆಂಕಿ, ನಮ್ಮ ಅಧ್ಯಾತ್ಮ

ಹವಾಮಾನ ಕೆಟ್ಟ ಮೇಲೆ ಆದಿವಾಸಿಗಳ ಅಧ್ಯಾತ್ಮಕ್ಕೆ ಎಲ್ಲಿಲ್ಲದ ಬೆಲೆ ಬಂದಿದೆ. ಕಾಡಿನವರಲ್ಲಿ ಏನೋ ನೆಮ್ಮದಿ ಇದೆಯಂತೆ, ಅದನ್ನು ಕಲಿತರೆ ನಗರದವರೂ ಬದುಕಿಕೊಳ್ಳಬಹುದಂತೆ. ಈ ಮಾತು ಕೇಳಿದರೆ ನನಗೆ ಮೊದಲು ಅನುಮಾನವೇ ಬರುತ್ತದೆ. ನಮ್ಮ ಕೇರಿಯ ಹಸಿವನ್ನೂ ಹಿಂದೆ ಹೀಗೇ 'ತೃಪ್ತಿ' ಅಂತ ಕರೆದಿದ್ದರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಿ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಕಲ್ಲುಗುಡಿ ಸತ್ತವರ ಕಲ್ಲುಗಳ ಜಾಗ, ಅಬ್ಬಿ ನೀರಿನ ತಾವು. ಸತ್ತವರನ್ನೂ ಕುಡಿಯುವ ನೀರನ್ನೂ ಒಂದೇ ಉಸಿರಲ್ಲಿ ಹೇಳುವ ಧರ್ಮ ಇದು. ಉಳಿದವರು ವಿಷ್ಣು ಅಂತ ಕೈಮುಗಿಯುವ ರಂಗ ಇವರಿಗೆ ಭಾವ, ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡವನು. ಭಾವನ ಹತ್ತಿರ ಮಾತಾಡಲು ನಡುವೆ ಪುರೋಹಿತ ಯಾಕೆ?

ಈ ದೇವರುಗಳ ಜೊತೆ ಬೆಂಕಿಯೂ ಇತ್ತು. ಬೇಸಿಗೆ ಬಲಿಯುವ ಮೊದಲೇ ಒಣಗಿದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ಪೋಡುಗಳನ್ನು ಎಬ್ಬಿಸಿದರು, ತರಗು ಬೆಂಕಿ ಅಪರಾಧವಾಯಿತು. ಆಮೇಲೆ ಲಂಟಾನ ಬೆಟ್ಟವನ್ನು ಮುತ್ತಿತು, ನೆಲ್ಲಿಮರಗಳಿಗೆ ಬದನಿಕೆ ಹತ್ತಿತು. ಬೆಂಕಿ ನಿಂತದ್ದೇ ಕಾರಣ ಅಂತ ಸೋಲಿಗರು ಹೇಳುತ್ತಲೇ ಇದ್ದರು, ವಿಜ್ಞಾನಿಗಳು ಕಿವಿಗೊಟ್ಟದ್ದು ತಡವಾಗಿ. ಮಳೆ ಕೈಕೊಟ್ಟ ವರ್ಷ ಒಣಗಿದ ಲಂಟಾನಕ್ಕೆ ಕಿಡಿ ಬಿದ್ದರೆ ಅದು ತರಗು ಬೆಂಕಿಯಲ್ಲ, ಕಾಡ್ಗಿಚ್ಚು. ಗೆಡ್ಡೆ, ಸೊಪ್ಪು, ಜೇನು ತರುವ ದಾರಿಯೇ ಮುಚ್ಚಿಹೋದ ಮೇಲೆ ಯಾವ ಧ್ಯಾನ ಅವರ ಹೊಟ್ಟೆ ತುಂಬಿಸುತ್ತದೆ?

ನಮ್ಮವರ ತಪ್ಪೂ ಇದೆ. ದೇವರು ಅಂದ ಕೂಡಲೇ ಮೌಢ್ಯ ಅಂತ ಕೈತೊಳೆದುಕೊಳ್ಳುವ ಚಟ ಬಂಡಾಯದ ಕಾಲದಿಂದ ನಮಗೆ ಅಂಟಿದೆ. (ನಾನೂ ಹಾಗೆ ಭಾಷಣ ಬಿಗಿದವನೇ.) ಅಂಬೇಡ್ಕರ್ 1956ರಲ್ಲಿ ದೀಕ್ಷೆ ತಗೊಂಡದ್ದನ್ನು ಮರೆತೆವೆ? ಬರೀ ಕಾನೂನಿನಿಂದ ಮನುಷ್ಯ ಎದ್ದು ನಿಲ್ಲುವುದಿಲ್ಲ ಅನ್ನುವುದು ಸಂವಿಧಾನ ಬರೆದವರಿಗೇ ಗೊತ್ತಿತ್ತು. ಸೋಲಿಗರ ಮಾರಮ್ಮ ಆ ಎದ್ದು ನಿಲ್ಲುವ ಕಸುವು. ಅದನ್ನು ಮೌಢ್ಯ ಅಂತ ಬಿಸಾಕಿದರೆ ಶಿಬಿರದವರು ಎತ್ತಿಕೊಂಡು ಮಾರುತ್ತಾರೆ, ಅಷ್ಟೇ.

ಸೋಲಿಗರು ಸುಮ್ಮನೆ ಕೂರಲಿಲ್ಲ. ಸಂಶೋಧಕರನ್ನು ಜೊತೆಗೆ ಕಟ್ಟಿಕೊಂಡು ಎಲ್ಲೆ ಎಲ್ಲೆ ತಿರುಗಿ ತಮ್ಮ ದೇವರ ಜಾಗಗಳ ನಕ್ಷೆ ಮಾಡಿದರು. 2011ರಲ್ಲಿ ಬೆಟ್ಟ ಹುಲಿ ಮೀಸಲಾಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕುಪತ್ರವೂ ಕೈಗೆ ಬಂತು. ನಗರದ ಯೋಗಕ್ಷೇಮ ಶಿಬಿರಗಳಲ್ಲಿ ಸೋಲಿಗರ ಹಾಡು ಕೇಳಿದ್ದೇನೆ. ಆ ನಕ್ಷೆಯನ್ನು ಗೋಡೆಗೆ ಹಾಕಿದ್ದು ಮಾತ್ರ ಕಂಡಿಲ್ಲ.